ಮಗುವಿನ ಜೀವನಾಂಶ: ಆದೇಶ ಒಪ್ಪದವರ ಮುಂದಿರುವ ದಾರಿಗಳು

ರಾಜ್ಯ ಆರೋಗ್ಯ ಇಲಾಖೆಯ ನೌಕರರೊಬ್ಬರಿಗೆ 2017ರಲ್ಲಿ ಫ್ಯಾಮಿಲಿ ಕೋರ್ಟ್ ಒಂದು ಆದೇಶ ಕೊಟ್ಟಿತು. ಮೊದಲ ಮದುವೆಯ ಮಗನ ಪಾಲನೆಗೆ, ಓದಿಗೆ ತಿಂಗಳಿಗೆ ₹20,000 ಕೊಡಬೇಕು. ಅವರು ಹೈಕೋರ್ಟಿಗೆ ಹೋದರು, ಮೊತ್ತ ಕದಲಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. ಸಂಬಳ ಅಷ್ಟಿಲ್ಲ, ಎರಡನೇ ಮದುವೆಯಿಂದ ಇಬ್ಬರು ಮಕ್ಕಳಿದ್ದಾರೆ ಎಂಬುದು ಅವರ ಅಹವಾಲು. 2021ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ ಮೊತ್ತವನ್ನು ₹10,000ಕ್ಕೆ ಇಳಿಸಿತು. ಅದರ ಜೊತೆಗೇ ಎರಡು ಷರತ್ತು ಹಾಕಿತು: ಪ್ರತಿ ಆರ್ಥಿಕ ವರ್ಷ ₹1,000 ಏರುತ್ತ ಹೋಗಬೇಕು, ಮಗನಿಗೆ ಹದಿನೆಂಟು ತುಂಬಿತೆಂದು ನಿಲ್ಲಿಸದೆ ಮೊದಲ ಪದವಿ ಮುಗಿಯುವವರೆಗೂ ಕೊಡಬೇಕು.

ಗೆದ್ದವರು ಯಾರು? ಮೊತ್ತದಲ್ಲಿ ತಂದೆ ಗೆದ್ದರು, ಹೊಣೆಯಲ್ಲಿ ಸೋತರು. ಮಗುವಿನ ಜೀವನಾಂಶದ ಆದೇಶವನ್ನು ಪ್ರಶ್ನಿಸುವ ಬಹುಪಾಲು ಪ್ರಕರಣಗಳ ಕಥೆ ಇದೇ. ‘ಎಷ್ಟು’ ಎಂಬುದನ್ನು ಪ್ರಶ್ನಿಸಲು ಕಾನೂನು ಜಾಗ ಬಿಟ್ಟಿದೆ; ‘ಯಾಕೆ ಕೊಡಬೇಕು’ ಎಂಬುದಕ್ಕೆ ಹೆಚ್ಚು ಕಡಿಮೆ ಜಾಗವೇ ಇಲ್ಲ. ಆದರೂ ನಮ್ಮ ಕೋರ್ಟುಗಳಿಗೆ ಬರುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ಹಾಳೆ ಹೆಂಡತಿಯ ಗುಣದೋಷದ ವರ್ಣನೆಗೇ ಖರ್ಚಾಗಿರುತ್ತದೆ. ಅವಳು ಮನೆ ಬಿಟ್ಟು ಹೋದಳು, ಅತ್ತೆ ಮಾವನನ್ನು ನೋಡಲಿಲ್ಲ, ತವರಿನವರ ಮಾತು ಕೇಳಿದಳು. ಇದೆಲ್ಲ ನಿಜವೇ ಇರಬಹುದು. ಹೆಂಡತಿಯ ಸ್ವಂತ ಜೀವನಾಂಶಕ್ಕೆ ಇದರಲ್ಲಿ ಕೆಲವು ಸಂಗತಿಗಳು ತಾಕಲೂಬಹುದು. ಎಂಟು ವರ್ಷದ ಮಗುವಿನ ಶಾಲಾ ಶುಲ್ಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದೇಶ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ, ಅದನ್ನು ಯಾವ ಕಾಯ್ದೆಯ ಯಾವ ಕಲಮಿನಡಿ ಬರೆದಿದ್ದಾರೆ ಎಂಬುದನ್ನು. ಮುಂದಿನ ದಾರಿಯೆಲ್ಲ ಅದರ ಮೇಲೆ ನಿಂತಿದೆ. ಹೆಚ್ಚು ಬಳಕೆಯಲ್ಲಿರುವುದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. ಬ್ರಿಟಿಷರ 1898ರ ಸಂಹಿತೆಯಲ್ಲಿ ಅದು 488 ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ವಕೀಲರ ಬಾಯಲ್ಲಿ ಇನ್ನೂ ‘ಒನ್ ಟ್ವೆಂಟಿಫೈವ್’ ಎಂದೇ ಓಡಾಡುತ್ತಿದೆ. ಇದು ಜಾತಿ ಧರ್ಮ ನೋಡದ ಕಲಂ. ಮದುವೆಯ ಒಳಗೆ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಎಂಬ ಭೇದವೂ ಇಲ್ಲಿಲ್ಲ. ಮುಸ್ಲಿಂ ತಂದೆಯ ಮಕ್ಕಳಿಗೂ ಪ್ರಾಪ್ತ ವಯಸ್ಸಿನವರೆಗೆ ಇದೇ ಕಲಂ ಅನ್ವಯಿಸುತ್ತದೆಂದು, 1986ರ ಮುಸ್ಲಿಂ ಮಹಿಳೆಯರ ಕಾಯ್ದೆಯಿಂದ ಮಕ್ಕಳ ಹಕ್ಕಿಗೆ ಕುಂದಿಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲೇ ಇತ್ಯರ್ಥ ಮಾಡಿದೆ. ಈ ಕಲಮಿನಡಿ 2001ರವರೆಗೆ ತಿಂಗಳಿಗೆ ₹500ಕ್ಕಿಂತ ಹೆಚ್ಚು ಕೊಡಿಸುವ ಅಧಿಕಾರವೇ ಮ್ಯಾಜಿಸ್ಟ್ರೇಟರಿಗೆ ಇರಲಿಲ್ಲ ಎಂಬುದನ್ನು ಇಂದಿನ ಕಿರಿಯ ವಕೀಲರಿಗೆ ಹೇಳಿದರೆ ನಗುತ್ತಾರೆ.

ಇದಲ್ಲದೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಇದೆ, ವಿಚ್ಛೇದನದ ಕೇಸಿನ ಒಳಗೇ ಮಕ್ಕಳ ಪಾಲನೆಗೆ ಆದೇಶ ಮಾಡಲು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ 20ನೇ ಕಲಂ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿಯೂ ಮಕ್ಕಳಿಗೆ ಹಣ ಕೊಡಿಸಬಹುದು. ಒಂದೇ ಮಗುವಿಗೆ ಮೂರು ಕೋರ್ಟಿನಲ್ಲಿ ಮೂರು ಆದೇಶ ಆಗಿರುವ ಮನೆಗಳೂ ಉಂಟು. ಮೂರನ್ನೂ ಕೂಡಿಸಿ ಕೊಡಬೇಕೇ ಎಂದು ಗಾಬರಿಯಾಗುವ ತಂದೆಗೆ ಉತ್ತರ ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪಿನಲ್ಲಿದೆ: ಅರ್ಜಿದಾರರು ಹಿಂದಿನ ಕೇಸುಗಳನ್ನು ಬಚ್ಚಿಡದೆ ಹೇಳಬೇಕು, ಎರಡನೇ ಕೋರ್ಟ್ ಮೊದಲ ಆದೇಶದ ಮೊತ್ತವನ್ನು ಲೆಕ್ಕಕ್ಕೆ ಹಿಡಿದು ಹೊಂದಿಸಬೇಕು. ಹಾಗೆ ಹೊಂದಿಸದ ಆದೇಶ ಬಂದಿದ್ದರೆ ಅದನ್ನು ಪ್ರಶ್ನಿಸಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಈಗ ದಾರಿಗಳ ವಿಚಾರ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಆದೇಶ ಬರೆದ ದಿನವೇ ಅದು ತಪ್ಪಾಗಿತ್ತೇ, ಅಥವಾ ಅಂದು ಸರಿಯಿದ್ದದ್ದು ಇಂದು ಹೊಂದುತ್ತಿಲ್ಲವೇ? ಮೊದಲನೆಯದಾದರೆ ಮೇಲಿನ ಕೋರ್ಟಿಗೆ ಹೋಗಬೇಕು. ಎರಡನೆಯದಾದರೆ ಆದೇಶ ಕೊಟ್ಟ ಕೋರ್ಟಿಗೇ ವಾಪಸು ಬರಬೇಕು. ಈ ವ್ಯತ್ಯಾಸ ತಿಳಿಯದೆ ಕೆಲಸ ಕಳೆದುಕೊಂಡವರು ಹೈಕೋರ್ಟಿಗೆ ಹೋಗುತ್ತಾರೆ. ಅಲ್ಲಿ ‘ಇದು ಕೆಳಗಿನ ಕೋರ್ಟಿನ ದಾಖಲೆಯಲ್ಲೇ ಇಲ್ಲವಲ್ಲ’ ಎನ್ನಿಸಿಕೊಂಡು, ವರ್ಷವೊಂದನ್ನು ಕಳೆದು, ಬಾಕಿ ಬೆಳೆಸಿಕೊಂಡು ಬರುತ್ತಾರೆ.

ಫ್ಯಾಮಿಲಿ ಕೋರ್ಟ್ ಕೊಟ್ಟ 125ರ ಆದೇಶದ ಮೇಲೆ ಮೇಲ್ಮನವಿ ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ, ಎರಡನೇ ಉಪಕಲಂ ಅದನ್ನು ಬಿಡಿಸಿ ಹೇಳಿದೆ. ನಾಲ್ಕನೇ ಉಪಕಲಮಿನಡಿ ಹೈಕೋರ್ಟಿಗೆ ಪುನರೀಕ್ಷಣಾ ಅರ್ಜಿ ಹಾಕಬಹುದು. ನಮ್ಮ ಹೈಕೋರ್ಟಿನಲ್ಲಿ ಅದಕ್ಕೆ ‘ಆರ್‌ಪಿಎಫ್‌ಸಿ’ ಎಂಬ ನಂಬರು ಬೀಳುತ್ತದೆ. ಬೆಂಗಳೂರಿನವರು ಬೆಂಗಳೂರಿನಲ್ಲಿ, ಉತ್ತರದ ಜಿಲ್ಲೆಗಳವರು ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಹಾಕಿಕೊಳ್ಳುತ್ತಾರೆ. ಕೇಸು ಇನ್ನೂ ನಡೆಯುತ್ತಿರುವಾಗ ಬಂದ ಮಧ್ಯಂತರ ಆದೇಶವಾದರೆ ಪುನರೀಕ್ಷಣೆಯೂ ಕಷ್ಟ, ಸಾಮಾನ್ಯವಾಗಿ ರಿಟ್ ಅರ್ಜಿಯ ಹಾದಿ ಹಿಡಿಯುತ್ತಾರೆ. ಫ್ಯಾಮಿಲಿ ಕೋರ್ಟ್ ಇಲ್ಲದ ಊರುಗಳಲ್ಲಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟ್ ಕೊಟ್ಟ ಆದೇಶದ ಪುನರೀಕ್ಷಣೆ ಜಿಲ್ಲಾ ಸೆಷನ್ಸ್ ಕೋರ್ಟಿನಲ್ಲೇ ನಡೆಯುತ್ತದೆ. ದೌರ್ಜನ್ಯ ತಡೆ ಕಾಯ್ದೆಯ ಆದೇಶವಾದರೆ ಮೂವತ್ತು ದಿನದೊಳಗೆ ಸೆಷನ್ಸ್ ಕೋರ್ಟಿಗೆ ನೇರ ಮೇಲ್ಮನವಿ.

ಪುನರೀಕ್ಷಣೆಗೂ ಮೇಲ್ಮನವಿಗೂ ಇರುವ ಅಂತರ ಕಕ್ಷಿದಾರರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಮೇಲ್ಮನವಿಯಲ್ಲಿ ಸಾಕ್ಷ್ಯವನ್ನು ಮತ್ತೆ ತೂಗುತ್ತಾರೆ. ಪುನರೀಕ್ಷಣೆಯಲ್ಲಿ ನೋಡುವುದು ಆದೇಶ ಕಾನೂನಿಗೆ, ವಿಧಾನಕ್ಕೆ ತಕ್ಕಂತಿದೆಯೇ, ಎದ್ದು ಕಾಣುವ ಅನ್ಯಾಯವಿದೆಯೇ ಎಂಬುದನ್ನು ಮಾತ್ರ. ಎಂಟು ಸಾವಿರ ಆಗಬೇಕಿತ್ತು, ಹತ್ತಾಗಿದೆ ಎಂಬ ದೂರಿಗೆ ಅಲ್ಲಿ ಕಿವಿ ಸಿಗುವುದು ಅಪರೂಪ. ನನಗೆ ಇದು ಕಾಯ್ದೆಯ ದೊಡ್ಡ ಕೊರತೆಯಾಗಿ ಕಾಣುತ್ತದೆ. ಬಾಡಿಗೆ ಬಾಕಿಯ ದಾವೆಗೂ ಒಂದು ಪೂರ್ಣ ಮೇಲ್ಮನವಿ ಇರುವ ದೇಶದಲ್ಲಿ, ಮಗು ಮುಂದಿನ ಹತ್ತು ವರ್ಷ ಬದುಕಬೇಕಾದ ಮೊತ್ತಕ್ಕೆ ಇಲ್ಲ. ಬೇಗ ಮುಗಿಯಲಿ ಎಂಬುದು ಮೂಲ ಉದ್ದೇಶವಿರಬೇಕು. ಆದರೆ ಆರ್‌ಪಿಎಫ್‌ಸಿಗಳು ವರ್ಷಗಟ್ಟಲೆ ಕಾಯುವುದನ್ನು ನೋಡಿದರೆ ಬೇಗವೂ ಆಗಲಿಲ್ಲ, ಸಾಕ್ಷ್ಯದ ಮರುಪರಿಶೀಲನೆಯೂ ಸಿಗಲಿಲ್ಲ ಎಂದಾಗಿದೆ. ಕಡಿಮೆ ಮೊತ್ತ ಬಂದ ತಾಯಿಗೂ ಇದೇ ಗೋಡೆ ಅಡ್ಡ.

ಅರ್ಜಿ ಹಾಕಿದ ಮಾತ್ರಕ್ಕೆ ಹಣ ಕೊಡುವುದು ನಿಲ್ಲುವುದಿಲ್ಲ. ತಡೆಯಾಜ್ಞೆ ಬೇರೆಯಾಗಿ ಕೇಳಬೇಕು. ಮಗುವಿನ ಹಣಕ್ಕೆ ಬೇಷರತ್ ತಡೆಯಾಜ್ಞೆ ಸಿಗುವುದು ಕಡಿಮೆ. ಬಾಕಿಯ ಒಂದು ಭಾಗವನ್ನು, ಎಷ್ಟೋ ಸಲ ಅರ್ಧವನ್ನು, ಇಟ್ಟು ಬನ್ನಿ ಎನ್ನುತ್ತಾರೆ. ಇಲ್ಲಿ ಲೆಕ್ಕ ತಿಳಿದಿರಬೇಕು. ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶ ಸಲ್ಲುವುದು ಅರ್ಜಿ ಹಾಕಿದ ದಿನದಿಂದ, ಆದೇಶದ ದಿನದಿಂದ ಅಲ್ಲ. ಕೇಸು ಮೂರು ವರ್ಷ ಎಳೆದು ತಿಂಗಳಿಗೆ ₹10,000 ಎಂದು ತೀರ್ಮಾನವಾದರೆ ಆದೇಶ ಹೊರಬಿದ್ದ ದಿನವೇ ₹3,60,000 ಬಾಕಿ; ನಡುವೆ ಮಧ್ಯಂತರವಾಗಿ ಕೊಟ್ಟದ್ದಿದ್ದರೆ ಅಷ್ಟು ಕಳೆಯಬೇಕು. ‘ವಾಯಿದೆ ತಗೊಳ್ಳಿ ಸಾರ್, ಎಳೆಯೋಣ’ ಎಂಬ ಹಳೆಯ ತಂತ್ರ ಈಗ ಎಳೆಯುವವನ ಕುತ್ತಿಗೆಗೇ ಬರುತ್ತದೆ.

ನೋಟಿಸೇ ತಲುಪದೆ ಏಕಪಕ್ಷೀಯವಾಗಿ ಆದೇಶವಾಗಿದ್ದರೆ ಹೈಕೋರ್ಟಿನ ತನಕ ಹೋಗುವ ಅಗತ್ಯವಿಲ್ಲ. ಅದೇ ಕೋರ್ಟಿನಲ್ಲಿ, ಮೂರು ತಿಂಗಳ ಒಳಗೆ, ಸರಿಯಾದ ಕಾರಣ ತೋರಿಸಿ ಆದೇಶ ರದ್ದು ಮಾಡಿಸಿಕೊಳ್ಳಬಹುದು. ಹಳೆಯ 126, ಈಗಿನ 145ನೇ ಕಲಮಿನಲ್ಲಿ ಈ ಅವಕಾಶವಿದೆ. ಕಾರಣ ಎಂದರೆ ಕಾರಣವೇ ಆಗಿರಬೇಕು: ನೋಟಿಸು ಬಿಟ್ಟುಬಂದ ಹಳೇ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿತ್ತು, ಆಸ್ಪತ್ರೆಯಲ್ಲಿದ್ದೆ, ಅದಕ್ಕೆ ಈ ದಾಖಲೆ. ಪೋಸ್ಟ್‌ಮ್ಯಾನ್ ‘ಪಡೆಯಲು ನಿರಾಕರಿಸಿದರು’ ಎಂದು ಷರಾ ಬರೆದಿದ್ದರೆ ಅದು ಜಾರಿಯಾದಂತೆಯೇ ಲೆಕ್ಕ. ಕೋರ್ಟ್ ರದ್ದು ಮಾಡುವಾಗ ಎದುರು ಕಕ್ಷಿಗೆ ಖರ್ಚು ಕೊಡಿ ಎಂದೋ, ಇಷ್ಟು ಹಣ ಠೇವಣಿ ಇಡಿ ಎಂದೋ ಷರತ್ತು ಹಾಕಬಹುದು. ಅದಕ್ಕೆ ತಕರಾರು ಮಾಡದೆ ಕಟ್ಟಿ ಒಳಗೆ ಹೋಗುವುದು ಜಾಣತನ. ಏಕೆಂದರೆ ನಿಜವಾದ ಜಗಳ ಒಳಗಿದೆ.

ಆ ಜಗಳ ನಡೆಯುವುದು ಅಫಿಡವಿಟ್ಟಿನಲ್ಲಿ. ರಜನೀಶ್–ನೇಹಾ ತೀರ್ಪು ಬರೆದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಆಸ್ತಿ–ಸಾಲಗಳ ಪ್ರಮಾಣಪತ್ರದ ಮಾದರಿಯನ್ನೇ ತೀರ್ಪಿಗೆ ಲಗತ್ತಿಸಿದರು. ಸಂಬಳದವರಿಗೆ, ವ್ಯಾಪಾರದವರಿಗೆ ಒಂದು ನಮೂನೆ, ಬೇಸಾಯಗಾರರಿಗೆ ಬೇರೆ, ಮೇಘಾಲಯಕ್ಕೆ ಮತ್ತೊಂದು. ಗಂಡ ಹೆಂಡತಿ ಇಬ್ಬರೂ ಸಲ್ಲಿಸಬೇಕು. ಇದನ್ನು ನಮ್ಮಲ್ಲಿ ಎಷ್ಟು ಉಡಾಫೆಯಿಂದ ತುಂಬುತ್ತಾರೆಂದರೆ, ಟೈಪಿಸ್ಟ್ ಹತ್ತಿರ ಕೂತು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಒಂದು ಮಾದರಿ ಊಹಿಸಿಕೊಳ್ಳಿ. ಗ್ಯಾರೇಜ್ ಇಟ್ಟುಕೊಂಡ ತಂದೆ ‘ತಿಂಗಳ ಆದಾಯ ₹12,000’ ಎಂದು ಬರೆದಿದ್ದಾನೆ. ಎರಡು ಹಾಳೆ ತಿರುಗಿಸಿದರೆ ಖರ್ಚಿನ ಕಲಮಿನಲ್ಲಿ ಮನೆ ಬಾಡಿಗೆ ₹9,000, ಬೈಕಿನ ಕಂತು ₹4,500, ಎಲ್‌ಐಸಿ ಪ್ರೀಮಿಯಂ ₹2,000 ಇದೆ. ಜೀವನಾಂಶ ಕೊಡಲಾಗದಷ್ಟು ಬಡವನೆಂದು ತೋರಿಸಲು ಬರೆದ ಖರ್ಚೇ ಆದಾಯ ಸುಳ್ಳೆಂದು ಸಾರುತ್ತದೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೂಡಿಸಿ ಕೇಳುತ್ತಾರೆ: ಊಟ ಯಾವ ದುಡ್ಡಲ್ಲಿ ಮಾಡ್ತೀರಿ? ಆ ಪ್ರಶ್ನೆಗೆ ತಡಬಡಿಸಿದ ಉತ್ತರ ದಾಖಲೆಗೆ ಸೇರಿದರೆ ಮುಂದೆ ಯಾವ ಆರ್‌ಪಿಎಫ್‌ಸಿಯೂ ಅದನ್ನು ಅಳಿಸಲಾರದು. ಅಂಗಡಿಯ ಯುಪಿಐ ಕ್ಯೂಆರ್ ಕೋಡಿಗೆ ಹೊಂದಿದ ಖಾತೆಯ ಸ್ಟೇಟ್‌ಮೆಂಟ್ ತರಿಸಿ ಎಂದು ಎದುರಿನವರು ಅರ್ಜಿ ಹಾಕಿದರಂತೂ ಮುಗಿಯಿತು.

ಸಂಬಳದಾರರ ವರಸೆ ಬೇರೆ. ಅವರು ಸ್ಯಾಲರಿ ಸ್ಲಿಪ್ಪಿನ ಕೊನೆಯ ಸಾಲು ತೋರಿಸುತ್ತಾರೆ: ಒಟ್ಟು ಇಷ್ಟಾದರೂ ಕೈಗೆ ಬರುವುದು ಇಷ್ಟೇ. ಬ್ಯಾಂಕ್ ಅಧಿಕಾರಿಯೊಬ್ಬರು ಇಂಥದೇ ವಾದ ಹೂಡಿ ಬಂದಾಗ 2024ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಹಂಚಾಟೆ ಸಂಜೀವ್‌ಕುಮಾರ್ ಅದನ್ನು ತಳ್ಳಿಹಾಕಿದರು. ಕಡ್ಡಾಯವಾಗಿ ಹಿಡಿಯುವ ಆದಾಯ ತೆರಿಗೆ, ವೃತ್ತಿ ತೆರಿಗೆಗಳನ್ನು ಕಳೆಯಬಹುದು. ಭವಿಷ್ಯನಿಧಿ, ಸಾಲದ ಕಂತು, ವಿಮೆ, ಮನೆ ಬಾಡಿಗೆ ವಸೂಲಿ ಇವೆಲ್ಲ ಕೊನೆಗೆ ಅವರ ಲಾಭಕ್ಕೇ ಹೋಗುವ ಹಣ, ಅದನ್ನು ತೋರಿಸಿ ಹೆಂಡತಿ ಮಕ್ಕಳ ಪಾಲು ಇಳಿಸುವಂತಿಲ್ಲ ಎಂದು. ಕಾರಿನ ಸಾಲ ತೆಗೆದು ‘ನನ್ನ ಬಳಿ ಏನೂ ಉಳಿಯುವುದಿಲ್ಲ’ ಎನ್ನುವವರು ಈ ಆದೇಶವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಬೇಸಾಯದ ಮನೆಗಳಲ್ಲಿ ಇನ್ನೊಂದು ಮಾತು ಸಿದ್ಧವಿರುತ್ತದೆ: ಜಮೀನು ಅಪ್ಪನ ಹೆಸರಲ್ಲಿದೆ. ಪಹಣಿ ತೆಗೆದರೆ ನಿಜವಾಗಿಯೂ ಅಪ್ಪನ ಹೆಸರೇ ಇರುತ್ತದೆ. ಆದರೆ ತೋಟ ನೋಡಿಕೊಳ್ಳುವವರು ಯಾರು, ಅಡಿಕೆ ಮಂಡಿಯ ಪಟ್ಟಿ ಯಾರ ಹೆಸರಿಗೆ ಬರುತ್ತದೆ, ಹಾಲಿನ ಡೇರಿಯ ಹಣ ಯಾವ ಖಾತೆಗೆ ಜಮೆಯಾಗುತ್ತದೆ ಎಂದು ಕೇಳುತ್ತ ಹೋದರೆ ಚಿತ್ರ ಬದಲಾಗುತ್ತದೆ. ಇವನ್ನು ಕೇಳಿಸುವುದು ತಾಯಿಯ ವಕೀಲರ ಕೆಲಸ. ಎಷ್ಟೋ ಕಡೆ ಆಗುವುದಿಲ್ಲ. ಹೀಗೆ ಸಾಕ್ಷ್ಯ ತರದೆ ಎರಡೋ ಮೂರೋ ಸಾವಿರದ ಆದೇಶ ಪಡೆದ ತಾಯಿ ಪುನರೀಕ್ಷಣೆಗೆ ಬಂದರೆ, ಅವಳಿಗೂ ಸಿಗುವುದು ‘ದಾಖಲೆಯಲ್ಲಿ ಏನಿದೆ’ ಎಂಬ ಅದೇ ಪ್ರಶ್ನೆ.

ಆದಾಯವೇ ಇಲ್ಲ ಎಂದವನಿಗೆ ಸುಪ್ರೀಂ ಕೋರ್ಟಿನ ಉತ್ತರ ಕಠಿಣ. ಮೈಯಲ್ಲಿ ಕಸುವಿರುವವನು ದುಡಿದು ಸಾಕಬೇಕು, ಕೂಲಿ ಮಾಡಿಯಾದರೂ ಸರಿ ಎಂದು 2022ರಲ್ಲಿ ಅದು ಮತ್ತೆ ಹೇಳಿತು. ಇಂಜಿನಿಯರಿಂಗ್ ಓದಿದವನು ನಿರುದ್ಯೋಗಿ ಎಂದು ಹೇಳಿಕೊಂಡರೆ ಆ ಓದಿಗೆ ಎಷ್ಟು ದುಡಿಯಬಲ್ಲ ಎಂಬ ಅಂದಾಜಿನ ಮೇಲೆ ಆದೇಶವಾಗುತ್ತದೆ. ಇದು ಸಾಮಾನ್ಯವಾಗಿ ಸರಿ. ಆದರೆ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಒಂದು ಇಮೇಲಿನಲ್ಲಿ ನೌಕರಿ ಹೋಗುವ ಕಾಲ ಇದು. ನಲವತ್ತೈದರ ನಂತರ ಹಳೆಯ ಸಂಬಳ ಮತ್ತೆ ಸಿಗುವುದು ಸುಲಭವಲ್ಲ. ಅಂದಾಜಿನ ಆದಾಯಕ್ಕೂ ನಿಜದ ಆದಾಯಕ್ಕೂ ನಡುವಿನ ಬಿರುಕಿನಲ್ಲಿ ಪ್ರಾಮಾಣಿಕರೂ ಸಿಕ್ಕಿಕೊಳ್ಳುತ್ತಾರೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಅವರಿಗಾಗಿಯೇ ಇರುವುದು ಹಳೆಯ 127, ಈಗಿನ 146ನೇ ಕಲಂ: ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿದರೆ ಮೊತ್ತ ಏರಿಸಬಹುದು, ಇಳಿಸಬಹುದು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 25ನೇ ಕಲಂ, ದೌರ್ಜನ್ಯ ತಡೆ ಕಾಯ್ದೆಯ 25ನೇ ಕಲಂ ಇದೇ ಕೆಲಸಕ್ಕೆ. ಒಮ್ಮೆ ಆದೇಶ ಬರೆದ ಮೇಲೆ ಕ್ರಿಮಿನಲ್ ಕೋರ್ಟ್ ಅದನ್ನು ಮುಟ್ಟುವಂತಿಲ್ಲ ಎಂಬ ಸಾಮಾನ್ಯ ನಿಯಮ ಜೀವನಾಂಶಕ್ಕೆ ಅಡ್ಡಿಯಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕೋರ್ಟ್ ನೋಡುವುದು ಕಾಗದವನ್ನು ಮತ್ತು ತಾರೀಖನ್ನು. ರಿಲೀವಿಂಗ್ ಲೆಟರ್, ಕೊನೆಯ ಸೆಟ್ಲ್‌ಮೆಂಟಿನ ಲೆಕ್ಕ, ಅದರ ನಂತರದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಬೇರೆ ಕೆಲಸಕ್ಕೆ ಹಾಕಿದ ಅರ್ಜಿಗಳು. ಜೀವನಾಂಶದ ನೋಟಿಸು ಬಂದ ಮೇಲಿನ ತಿಂಗಳೇ ರಾಜೀನಾಮೆ ಕೊಟ್ಟಿದ್ದರೆ ಯಾವ ಕಾಗದವೂ ಸಾಲದು. ಕಾಯಿಲೆ, ಅಂಗವೈಕಲ್ಯ, ನಿವೃತ್ತಿ, ವಯಸ್ಸಾದ ತಂದೆತಾಯಿಯ ಹೊಣೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮತ್ತೆ ಮದುವೆಯಾಗಿ ಮಕ್ಕಳಾದರೆ ಅದೂ ಬರುತ್ತದೆ, ಆದರೆ ಮೊದಲ ಮಗುವಿನ ಹಕ್ಕು ಅದರಿಂದ ಅಳಿಯುವುದಿಲ್ಲ. ಕೆಲಸ ಹೋದ ಮೇಲೆ ಒಂದೂವರೆ ವರ್ಷ ಸುಮ್ಮನಿದ್ದು, ಮನೆಗೆ ವಾರಂಟ್ ಬಂದಾಗ ಎಚ್ಚೆತ್ತು ‘ಆಗಿನಿಂದಲೇ ಇಳಿಸಿ’ ಎಂದರೆ ಆ ಹದಿನೆಂಟು ತಿಂಗಳ ಬಾಕಿ ಹಳೆಯ ದರದಲ್ಲೇ ನಿಂತಿರುವ ಸಾಧ್ಯತೆ ಹೆಚ್ಚು.

ತಾಯಿಯ ಸಂಬಳದ ಪ್ರಶ್ನೆಗೆ ಇಲ್ಲಿ ತುಸು ನಿಲ್ಲಬೇಕು. ‘ಅವಳೂ ದುಡಿಯುತ್ತಾಳಲ್ಲ’ ಎಂಬುದು ಮಗುವಿನ ಹಕ್ಕನ್ನು ಕಿತ್ತುಹಾಕುವ ವಾದವಲ್ಲ, ಹೊರೆಯನ್ನು ಹಂಚುವ ವಾದ. 2000ದಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣವೊಂದರಲ್ಲಿ ತಂದೆಯ ಸಂಬಳ ತಾಯಿಯ ಸಂಬಳದ ಸುಮಾರು ಎರಡರಷ್ಟಿದೆ, ಆದ್ದರಿಂದ ಮಕ್ಕಳ ಖರ್ಚನ್ನೂ ಅದೇ ಪ್ರಮಾಣದಲ್ಲಿ ಹೊರಬೇಕು ಎಂದಿತು. ಇದು ಗಟ್ಟಿಯಾದ, ಕೋರ್ಟ್ ಕೇಳುವ ವಾದ. ಆದರೆ ಅದನ್ನು ಹೂಡುವವರು ಇನ್ನೊಂದನ್ನೂ ನೆನಪಿಡಬೇಕು. ಮಕ್ಕಳನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ತಾಯಿಯೊಬ್ಬರ ಅರ್ಜಿಯಲ್ಲಿ 2024ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಮಗು ಸಾಕುವುದೇ ಪೂರ್ಣಾವಧಿ ಕೆಲಸ, ಓದಿದ್ದಾಳೆ ದುಡಿಯಬಹುದಿತ್ತು ಎಂದು ಜೀವನಾಂಶ ಕಡಿಮೆ ಮಾಡುವಂತಿಲ್ಲ ಎಂದು ಹೇಳಿ ₹18,000 ಇದ್ದದ್ದನ್ನು ₹36,000ಕ್ಕೆ ಏರಿಸಿದರು. ಆದೇಶವನ್ನು ಪ್ರಶ್ನಿಸಿ ಬರುವವರೆಲ್ಲ ತಂದೆಯರೇ ಅಲ್ಲ. ಕಡಿಮೆ ಸಿಕ್ಕಿತೆಂದು ಬರುವ ತಾಯಂದಿರ ಸಾಲೂ ಉದ್ದ ಇದೆ. ಸುದ್ದಿಯಾಗುವುದು ಮಾತ್ರ ಬೇರೆಯದು. 2024ರ ಆಗಸ್ಟ್‌ನಲ್ಲಿ ತಿಂಗಳಿಗೆ ಆರು ಲಕ್ಷ ಚಿಲ್ಲರೆ ಕೇಳಿದ ಮಹಿಳೆಯೊಬ್ಬರನ್ನು ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ವಿಡಿಯೊ ಇಡೀ ನಾಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಮೂರು ಸಾವಿರಕ್ಕಾಗಿ ತಾಲ್ಲೂಕು ಕೋರ್ಟಿಗೆ ಬಸ್ಸು ಹತ್ತಿ ಬರುವವಳ ವಿಡಿಯೊ ಯಾರು ಮಾಡುತ್ತಾರೆ?

ಎಂದೂ ಗೆಲ್ಲದ, ಆದರೂ ಮತ್ತೆ ಮತ್ತೆ ಬರುವ ಕೆಲವು ವಾದಗಳಿವೆ. ‘ಮಗುವನ್ನು ತೋರಿಸುತ್ತಿಲ್ಲ, ಹಾಗಾಗಿ ಕೊಡುವುದಿಲ್ಲ.’ ಭೇಟಿಯ ಹಕ್ಕು ಬೇರೆ ಅರ್ಜಿ. ತಾಯಿ ಆದೇಶ ಮೀರಿ ಮಗುವನ್ನು ಮುಚ್ಚಿಟ್ಟಿದ್ದರೆ ಅದಕ್ಕೆ ಬೇರೆ ಪರಿಹಾರವಿದೆ, ಮಗುವಿನ ಊಟ ನಿಲ್ಲಿಸುವುದು ಪರಿಹಾರವಲ್ಲ. ‘ವಿಚ್ಛೇದನದ ಒಪ್ಪಂದದಲ್ಲಿ ಮಗುವಿಗೆ ಏನೂ ಬೇಡ ಎಂದು ಬರೆದುಕೊಟ್ಟಿದ್ದಾಳೆ.’ ಮಗುವಿನ ಹಕ್ಕನ್ನು ತಾಯಿ ಬರೆದುಕೊಡಲು ಬರುವುದಿಲ್ಲ. ‘ವಿಚ್ಛೇದನವಾಯಿತು, ಸಂಬಂಧ ಮುಗಿಯಿತು.’ ಗಂಡ ಹೆಂಡಿರ ಸಂಬಂಧ ಮುಗಿಯಬಹುದು. 2021ರಲ್ಲಿ ಸೇನಾಧಿಕಾರಿಯೊಬ್ಬರ ವಿಚ್ಛೇದನವನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಅದೇ ತೀರ್ಪಿನಲ್ಲಿ ಮಗನಿಗೆ ತಿಂಗಳಿಗೆ ₹50,000 ಕೊಡಬೇಕೆಂದೂ ಬರೆಯಿತು.

ಇವುಗಳಿಗಿಂತ ತೊಡಕಿನದು ‘ಮಗು ನನ್ನದಲ್ಲ’ ಎಂಬ ವಾದ. ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಗಂಡನದೇ ಎಂದು ಸಾಕ್ಷ್ಯ ಕಾಯ್ದೆಯ 112ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 116, ಭಾವಿಸುತ್ತದೆ. ಇದನ್ನು ಮುರಿಯಲು ಗಂಡ ಹೆಂಡತಿ ಕೂಡಿರುವ ಅವಕಾಶವೇ ಆ ಕಾಲದಲ್ಲಿ ಇರಲಿಲ್ಲವೆಂದು ಸಾಬೀತು ಮಾಡಬೇಕು. ಡಿಎನ್‌ಎ ವರದಿ ಕೈಯಲ್ಲಿದ್ದ ಪ್ರಕರಣವೊಂದರಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ವಿಜ್ಞಾನದ ಮಾತು ಕೇಳಿ, ತಂದೆಯಲ್ಲದವನಿಂದ ಜೀವನಾಂಶ ಕೊಡಿಸಲಾಗದು ಎಂದಿತು. ಆಮೇಲೆ ಎಲ್ಲರೂ ಡಿಎನ್‌ಎ ಕೇಳತೊಡಗಿದರು. 2023ರಲ್ಲಿ ನ್ಯಾಯಮೂರ್ತಿಗಳಾದ ವಿ. ರಾಮಸುಬ್ರಮಣಿಯನ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಕಡಿವಾಣ ಹಾಕಿತು: ತಂದೆತಾಯಿಯ ಜಗಳಕ್ಕೆ ಮಗುವನ್ನು ಸಾಕ್ಷ್ಯವಸ್ತುವನ್ನಾಗಿ ಮಾಡಬೇಡಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಪರೀಕ್ಷೆ. 2025ರ ಜನವರಿಯ ತೀರ್ಪೂ ಇದೇ ಜಾಡಿನಲ್ಲಿ ಸಾಗಿ, ಕೂಡಿರುವ ಅವಕಾಶ ಇತ್ತೆಂದಾದರೆ ಕಾನೂನಿನ ಕಣ್ಣಲ್ಲಿ ಗಂಡನೇ ತಂದೆ ಎಂದಿತು. ಹೈಕೋರ್ಟಿನಲ್ಲಿ ಬಾಕಿ ಮೊತ್ತ ದೊಡ್ಡದಾಗಿ ಕಂಡಾಗ ಥಟ್ಟನೆ ಹೊಳೆದ ಸಂಶಯಕ್ಕೆ ಈ ಕಾನೂನಿನಲ್ಲಿ ಬೆಲೆಯಿಲ್ಲ. ಮೊದಲ ಆಕ್ಷೇಪಣೆಯಲ್ಲಿ ಬರೆಯದ್ದು ಮುಂದೆ ಬರೆದರೆ ತೋರುವುದೇ ಬೇರೆ.

ಹದಿನೆಂಟರ ಗೆರೆಯದ್ದು ಇನ್ನೊಂದು ಸಮಸ್ಯೆ. 125ರಡಿ ಗಂಡುಮಗುವಿನ ಹಕ್ಕು ಹದಿನೆಂಟಕ್ಕೆ ಮುಗಿಯುತ್ತದೆ. ಹೆಣ್ಣುಮಗಳದೂ ಅಷ್ಟೇ, ಅಂಗವೈಕಲ್ಯವಿದ್ದರೆ ಮಾತ್ರ ಮುಂದುವರಿಯುತ್ತದೆ. ಆದರೆ ಅವಿವಾಹಿತ ಹಿಂದೂ ಮಗಳು 1956ರ ಕಾಯ್ದೆಯ 20ನೇ ಕಲಮಿನ ಮೂರನೇ ಉಪಕಲಮಿನಡಿ ಬೇರೆ ದಾವೆ ಹೂಡಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಮಕ್ಕಳಿಗೆ ಹದಿನೆಂಟು ತುಂಬುವುದು ಎರಡನೇ ಪಿಯುಸಿ ಆಸುಪಾಸಿನಲ್ಲಿ. ಸಿಇಟಿ ಕೌನ್ಸೆಲಿಂಗ್ ಮುಗಿಸಿ, ಸೀಟಿಗೆ, ಹಾಸ್ಟೆಲಿಗೆ ಒಟ್ಟಿಗೆ ಹಣ ಕಟ್ಟಬೇಕಾದ ತಿಂಗಳಲ್ಲೇ ತಂದೆಯ ಹೊಣೆ ಕಾಗದದ ಮೇಲೆ ಮುಗಿದಿರುತ್ತದೆ. ಪದವಿಯವರೆಗೆ ಎಂದು ಕೆಲವು ಆದೇಶಗಳು ಹೇಳುತ್ತವೆ, ಕೆಲವು ಹೇಳುವುದಿಲ್ಲ. ಅದು ನ್ಯಾಯಾಧೀಶರ ಮೇಲೆ ನಿಂತಿದೆ. ಶಾಸನವನ್ನೇ ತಿದ್ದಿ ಪದವಿಯವರೆಗೆ ಎಂದು ಬರೆದರೆ ಎಷ್ಟೋ ತಕರಾರು ಹುಟ್ಟುವುದೇ ಇಲ್ಲ. 2023ರಲ್ಲಿ ಇಡೀ ಸಂಹಿತೆಯನ್ನು ಹೊಸದಾಗಿ ಬರೆದರೂ ಈ ಗೆರೆಯನ್ನು ಮುಟ್ಟಲಿಲ್ಲ.

ಅಮೆರಿಕದಲ್ಲಿ ಮೊತ್ತದ ಜಗಳದ ರೂಪವೇ ಬೇರೆ. ಅಲ್ಲಿ ಪ್ರತಿ ರಾಜ್ಯಕ್ಕೂ ಸೂತ್ರವಿದೆ. ಬಹುಪಾಲು ರಾಜ್ಯಗಳಲ್ಲಿ ಇಬ್ಬರ ಆದಾಯ, ಮಗು ಯಾರ ಬಳಿ ಎಷ್ಟು ಕಾಲ ಇರುತ್ತದೆ ಎಂಬಿತ್ಯಾದಿ ಹಾಕಿದರೆ ಮೊತ್ತ ಬರುತ್ತದೆ. ಸೂತ್ರದಿಂದ ಬಂದ ಸಂಖ್ಯೆಯೇ ಸರಿ ಎಂಬ ಭಾವನೆಯಿಂದ ಕೋರ್ಟ್ ಹೊರಡಬೇಕೆಂದು 1988ರ ಫೆಡರಲ್ ಕಾಯ್ದೆ ಹೇಳಿತು. ಜಗಳ ಹೆಚ್ಚಾಗಿ ಸೂತ್ರಕ್ಕೆ ತುಂಬಿದ ಅಂಕಿಗಳ ಬಗ್ಗೆ. ನಮ್ಮಲ್ಲಿ ಸೂತ್ರವಿಲ್ಲ. ನಿವ್ವಳ ಸಂಬಳದ ಶೇ 25 ನ್ಯಾಯಯುತ ಎಂದು 2017ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿ ಬಂದ ಮಾತನ್ನು ಎಲ್ಲರೂ ನಿಯಮದಂತೆ ಉಲ್ಲೇಖಿಸುತ್ತಾರೆ, ಅದು ಹೆಂಡತಿಯ ಜೀವನಾಂಶದ ಸಂದರ್ಭದ ಮಾತು. ಒಂದೇ ಸಂಬಳ, ಒಂದೇ ವಯಸ್ಸಿನ ಮಗು. ಒಂದು ಕೋರ್ಟಿನಲ್ಲಿ ಐದು ಸಾವಿರ, ಪಕ್ಕದ ಹಾಲಿನಲ್ಲಿ ಹನ್ನೆರಡು. ಸೋತವನಿಗೆ ಅನ್ಯಾಯವಾಯಿತು ಅನ್ನಿಸದಿದ್ದರೆ ಆಶ್ಚರ್ಯ. ಬಿಗಿ ಸೂತ್ರ ನಮ್ಮ ದೇಶದ ನಗದು ವ್ಯವಹಾರಕ್ಕೆ ಒಗ್ಗಲಿಕ್ಕಿಲ್ಲ, ನಿಜ. ಆದರೂ ಮಗುವಿನ ಪಾಲಿಗೆ ಒಂದು ಕನಿಷ್ಠ ಪ್ರಮಾಣ, ವರ್ಷಕ್ಕಿಷ್ಟು ಎಂಬ ತಾನೇ ಆಗುವ ಏರಿಕೆ, ಇಷ್ಟನ್ನಾದರೂ ಶಾಸನ ಕೊಡಬಹುದು. ಅಲ್ಲಿಯವರೆಗೆ ತಾಯಂದಿರು ಮೂಲ ಅರ್ಜಿಯ ಪ್ರಾರ್ಥನೆಯಲ್ಲೇ ವಾರ್ಷಿಕ ಏರಿಕೆ ಕೇಳಿಕೊಳ್ಳುವುದು ಮೇಲು. ಕೇಳದಿದ್ದರೆ ಎಲ್‌ಕೆಜಿಯಲ್ಲಿ ನಿಗದಿಯಾದ ಮೊತ್ತವೇ ಎಸ್‌ಎಸ್‌ಎಲ್‌ಸಿವರೆಗೂ ನಡೆದುಬರುತ್ತದೆ.

ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿರುವ ಕನ್ನಡಿಗ ತಂದೆಯರಿಗೆ ಇನ್ನೊಂದು ಬಲೆ ಕಾದಿದೆ. ಒಮ್ಮೆ ಬಾಕಿಯಾದ ಕಂತನ್ನು ಹಿಂದಿನಿಂದ ಇಳಿಸಲು ಅಲ್ಲಿನ ಯಾವ ಕೋರ್ಟಿಗೂ ಅಧಿಕಾರವಿಲ್ಲ. 1986ರ ಬ್ರ್ಯಾಡ್ಲಿ ತಿದ್ದುಪಡಿ ಅದನ್ನು ತಡೆದಿದೆ. ಎಚ್‌1ಬಿ ನೌಕರಿ ಹೋದ ದಿನವೇ ತಿದ್ದುಪಡಿ ಅರ್ಜಿ ಹಾಕದೆ ಬೆಂಗಳೂರಿಗೆ ವಿಮಾನ ಹತ್ತಿದರೆ ಹಳೆಯ ಸಂಬಳದ ಲೆಕ್ಕದಲ್ಲೇ ಮೀಟರು ಓಡುತ್ತಿರುತ್ತದೆ. ಅಮೆರಿಕದ ಪೌರತ್ವ ಪಡೆದವರಿಗೆ ಬಾಕಿ 2,500 ಡಾಲರು ದಾಟಿದರೆ ಪಾಸ್‌ಪೋರ್ಟೇ ಸಿಗುವುದಿಲ್ಲ.

ಇಲ್ಲಿ ಬಾಕಿ ಉಳಿಸಿಕೊಂಡವರಿಗೆ ವಾರಂಟ್, ಅದಕ್ಕೂ ಬಗ್ಗದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂದು ನಂಬಿದವರು ಇನ್ನೂ ಇದ್ದಾರೆ. ಜೈಲು ವಸೂಲಿಯ ಉಪಾಯವೇ ಹೊರತು ಪಾವತಿಯಲ್ಲ ಎಂದು 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವಸೂಲಿಗೆ ತಾಯಿ ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಇದನ್ನು ಮರೆತು ಎಷ್ಟೋ ಜನ ಕಳೆದುಕೊಂಡಿದ್ದಾರೆ. ಸಂಬಳದಿಂದಲೇ ಹಿಡಿಯಲು ಕಚೇರಿಗೆ ಆದೇಶ ಕಳಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದದ್ದು ಜಪ್ತಿಗೆ ಒಳಪಟ್ಟದ್ದು. ತಂದೆ ವಿದೇಶದಲ್ಲಿ ಕೂತು ಕೈಗೆ ಸಿಗದಿದ್ದರೆ ಅವನ ಹೆಸರಿನ ನಿವೇಶನ ಸಿಗಬಹುದು. ವಾರಂಟ್ ಜಿಲ್ಲಾಧಿಕಾರಿಗೆ ಹೋಗಿ, ಭೂಕಂದಾಯದ ಬಾಕಿಯಂತೆ ಸ್ಥಿರಾಸ್ತಿಯಿಂದ ವಸೂಲಿ ಮಾಡಲು ಅವಕಾಶವಿದೆ. ಅದಕ್ಕೆ ಆ ಆಸ್ತಿ ಎಲ್ಲಿದೆ ಎಂದು ಕೋರ್ಟಿಗೆ ತೋರಿಸಬೇಕು. ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಸಿ, ಖಾತೆಯ ನಕಲಿನೊಂದಿಗೆ ಅರ್ಜಿಗೆ ಲಗತ್ತಿಸಿದರೆ, ವರ್ಷಗಟ್ಟಲೆ ಅಲುಗಾಡದ ಕಡತ ಅಲುಗಾಡುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದ ತಾಯಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಕೇಳುವುದಿಲ್ಲ.